ಮುತ್ಯಾನ ಮುತ್ಯಾನನ್ನು ಹುಡುಕುವ ಬಗೆ

ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಮದುವೆಗೋ ಜಾತ್ರೆಗೋ ಹೋದಾಗ ಗುರುತಿಲ್ಲದ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, "ಯಾರ ಪೈಕಿ ಅದೀ ತಮ್ಮಾ?" ಎಂದು ಕೇಳುವುದುಂಟು. ನೀವು ತಂದೆಯ ಹೆಸರು ಹೇಳುತ್ತೀರಿ. ಅವರಿಗೆ ಗುರುತು ಹತ್ತುವುದಿಲ್ಲ. ಮುತ್ಯಾನ ಹೆಸರು ಹೇಳುತ್ತೀರಿ. "ಹಾಂ, ಗುಡಿ ಹೊಲದ ಸಿದ್ದಪ್ಪನ ಮೊಮ್ಮಗ ಏನು!" ಎಂದು ಬೆನ್ನು ತಟ್ಟುತ್ತಾರೆ. ಅಲ್ಲಿಗೂ ಬಿಡದೆ, "ನಿಮ್ಮ ಮುತ್ಯಾನ ಮುತ್ಯಾ ಯಾವೂರಾಂವ?" ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಬಾಯಿ ಕಟ್ಟುತ್ತದೆ.

ಈ ಪ್ರಶ್ನೆ ಬರೀ ಕುತೂಹಲದ್ದಲ್ಲ. ಹೊಲ ಪಾಲಾಗುವಾಗ ವಾರಸರ ಮರ ಬರೆಯಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಬಂದ ಮೇಲೆ ಆ ಮರದಲ್ಲಿ ಅವರ ಹೆಸರೂ ಬೇಕು. ಮಗನಿಗೆ ಜಾತಿಯ ದಾಖಲೆ ಬೇಕಾದರೆ ಕಚೇರಿಯವರು ಮುತ್ಯಾನ ಕಾಲದ ಕಾಗದ ಕೇಳುತ್ತಾರೆ. ಇಂಡಿಯಲ್ಲೋ ಆಳಂದದಲ್ಲೋ ಇರುವ ದಾಯಾದಿಗಳ ಜೊತೆ ಸೂತಕ, ಶುಭಕಾರ್ಯಗಳ ನಂಟು ಉಳಿಯಬೇಕಾದರೂ ಬೇರು ಗೊತ್ತಿರಬೇಕು. ಹತ್ತೊಂಬತ್ತನೆಯ ಶತಮಾನದ ಒಂದು ಒಕ್ಕಲುತನದ ಮನೆಯನ್ನು ಹೇಗೆ ಹುಡುಕಬೇಕು, ಎಲ್ಲಿ ಹುಡುಕಬೇಕು ಎಂಬುದನ್ನು ಇಂದು ನೋಡೋಣ.

ಮೊದಲಿಗೇ ಒಂದು ಮಾತು. ಹುಡುಕುವ ಕೆಲಸ ಕಚೇರಿಯಿಂದ ಸುರುವಾಗಬಾರದು, ಮನೆಯ ಪಡಸಾಲೆಯಿಂದ ಸುರುವಾಗಬೇಕು. ಕಾಗದ ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಇದ್ದೀತು. ತೊಂಬತ್ತು ದಾಟಿದ ಆಯಿ ಇರಲಾರಳು.

ತಿಳಿಯಲು ಸುಲಭವಾಗಲೆಂದು ಒಂದು ಮನೆಯನ್ನು ನಾವೇ ಕಟ್ಟಿಕೊಳ್ಳೋಣ. ದಕ್ಷಿಣ ಸೊಲ್ಲಾಪುರ ತಾಲೂಕಿನ ಒಂದು ಹಳ್ಳಿ. ನಲವತ್ತೈದು ವಯಸ್ಸಿನ ರೈತ ಸಿದ್ದಪ್ಪ. ತಂದೆ ಮಲ್ಲಪ್ಪ, ಮುತ್ಯಾ ಸಿದ್ದಪ್ಪ, ಮುತ್ಯಾನ ಅಪ್ಪ ಮಲ್ಲಪ್ಪ. ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ಪದ್ಧತಿಯಿಂದ ಎರಡೇ ಹೆಸರು ತಲೆ ಬಿಟ್ಟು ತಲೆ ತಿರುಗಿ ಬರುತ್ತವೆ. ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು. ಈ ಮನೆಯಲ್ಲಿ ಮುತ್ಯಾನ ತಂಗಿ ಇನ್ನೂ ಇದ್ದಾಳೆ, ತೊಂಬತ್ತು ವಯಸ್ಸು. ಸಿದ್ದಪ್ಪ ಆಕೆಯ ಮುಂದೆ ಕೂತು ಏನು ಕೇಳಬೇಕು?

"ನಿಮ್ಮ ಅಪ್ಪ ಯಾವ ಇಸವಿಯಲ್ಲಿ ಹುಟ್ಟಿದ?" ಎಂದು ಕೇಳಿದರೆ ಉತ್ತರ ಸಿಗದು. ಇಸವಿ ನಮ್ಮ ಹಿರಿಯರ ಲೆಕ್ಕವಲ್ಲ. ಬರ, ಪಿಳೇಗು, ಮಳೆ, ಮದುವೆ ಇವೇ ಅವರ ಲೆಕ್ಕ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ. ನಮ್ಮ ಮನೆದೇವರು ಯಾವುದು? ಮಕ್ಕಳ ಜಾವಳ ಎಲ್ಲಿ ತೆಗೆಸುತ್ತಿದ್ದರು? ನಮ್ಮ ಬೆಡಗು ಯಾವುದು? ನಮ್ಮ ಹೊಲಗಳಿಗೆ ಏನೇನು ಹೆಸರಿದ್ದವು? ನಿಮ್ಮ ಅವ್ವನ ತವರು ಯಾವುದು, ನಿಮ್ಮ ಆಯಿಯ ತವರು ಯಾವುದು? ಯಾವ ಊರಿನವರಿಗೆ ನಾವು ಸೂತಕ ಹಿಡಿಯುತ್ತಿದ್ದೆವು?

ಒಂದೊಂದು ಪ್ರಶ್ನೆಗೂ ಕಾರಣವಿದೆ. ಊರು ಬಿಟ್ಟು ಬಂದ ಮನೆತನ ನಾಲ್ಕು ತಲೆ ಕಳೆದರೂ ಜಾವಳಕ್ಕೆ ಹಳೆಯ ಊರಿನ ದೇವರಿಗೇ ಹೋಗುವುದುಂಟು. ಸೂತಕದ ಊರು ದಾಯಾದಿಗಳ ಊರು. ತವರು ಗೊತ್ತಾದರೆ ಆ ಮನೆಯವರ ನೆನಪೂ ನಿಮಗೆ ಸಿಗುತ್ತದೆ. ನಮ್ಮಲ್ಲಿ ಸೋದರ ಸಂಬಂಧದ ಮದುವೆ ಹೆಚ್ಚು. ಅದೇ ಎರಡು ಮೂರು ಮನೆಗಳ ನಡುವೆ ಹೆಣ್ಣು ಕೊಟ್ಟು ತಂದದ್ದರಿಂದ ಒಂದು ಮನೆ ಮರೆತದ್ದನ್ನು ಇನ್ನೊಂದು ಮನೆ ನೆನಪಿಟ್ಟಿರುತ್ತದೆ.

ನಮ್ಮ ಕಟ್ಟಿದ ಮನೆಯ ಮುದುಕಿ ಹೀಗೆ ಹೇಳುತ್ತಾಳೆ ಎಂದಿಟ್ಟುಕೊಳ್ಳಿರಿ. "ನಮ್ಮಪ್ಪ ಸಣ್ಣಾಂವ ಇದ್ದಾಗೇ ನಮ್ಮ ಮುತ್ಯಾ ಸಿದ್ದಪ್ಪ ತೀರಿಕೊಂಡ. ನಮ್ಮ ಆಯಿ ಗಂಗವ್ವನೇ ಹೊಲ ಮಾಡಿಸಿದಳು. ಮುತ್ಯಾ ದಾತು ಬರದಾಗ ಕೈಗೂಸು. ಅವನ್ನ ಬೆನ್ನಿಗೆ ಕಟ್ಟಿಕೊಂಡು ಅವರವ್ವ ಕಲ್ಲು ಒಡೆಯಾಕ ಹೋಗತಿದ್ದಳಂತ. ಅತ್ತಿ ಹೇಳಿದ್ದನ್ನ ಆಯಿ ನನಗ ಹೇಳ್ಯಾಳ."

ಈ ನಾಲ್ಕು ಮಾತಿನಲ್ಲಿ ಎಷ್ಟು ಸಿಕ್ಕಿತು ನೋಡಿರಿ. ದಾತು ಎಂದರೆ ಧಾತು ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1816, 1876, 1936. ಈ ಮೂರರಲ್ಲಿ ಮಹಾಬರ ಬಿದ್ದದ್ದು 1876ರಲ್ಲಿ. ಮುಂದಿನ ಈಶ್ವರ ಸಂವತ್ಸರದವರೆಗೂ ಅದು ಕಾಡಿತು. ಸೊಲ್ಲಾಪುರ, ಆಗಿನ ಕಲಾದಗಿ ಜಿಲ್ಲೆಗಳು ಹೆಚ್ಚು ಪೆಟ್ಟು ತಿಂದವುಗಳಲ್ಲಿ ಸೇರಿದ್ದವು. ಸರಕಾರ ರಸ್ತೆ, ಕೆರೆಗಳ ಬರಗಾಲದ ಕಾಮಗಾರಿ ತೆಗೆದು ಕೂಲಿ ಕೊಟ್ಟಿತು. ಅಲ್ಲಿಗೆ ಸಿದ್ದಪ್ಪ 1875ರ ಆಸುಪಾಸಿನಲ್ಲಿ ಹುಟ್ಟಿದವನು ಎಂದಾಯಿತು. ಬರವನ್ನು ಕಂಡ ಅತ್ತೆ ಸೊಸೆಗೆ ಹೇಳಿದಳು, ಸೊಸೆ ಮೊಮ್ಮಗಳಿಗೆ ಹೇಳಿದಳು, ಮೊಮ್ಮಗಳು ಇಂದು ನಮ್ಮ ಮುಂದೆ ಕುಳಿತಿದ್ದಾಳೆ. ಸುಮಾರು ನೂರೈವತ್ತು ವರ್ಷಗಳ ಹಿಂದಿನ ಸುದ್ದಿ ಮೂರೇ ಬಾಯಿ ದಾಟಿ ಬಂದಿದೆ. ಮೂವರೂ ಹೆಂಗಸರು.

ಇಂಥ ಗುರುತಿನ ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿರಿ. 1876-77 ಧಾತು, 1877-78 ಈಶ್ವರ. 1896-97 ದುರ್ಮುಖಿ, ಅದೂ ಬರದ ವರ್ಷ. ಮುಂಬಯಿಯಲ್ಲಿ ಪಿಳೇಗು ಕಾಣಿಸಿಕೊಂಡದ್ದೂ 1896ರಲ್ಲೇ. 1899-1900 ವಿಕಾರಿ, ಮತ್ತೆ ಬರ. 1918 ಕಾಳಯುಕ್ತಿ, ಜ್ವರದ ಮಹಾಮಾರಿಯ ವರ್ಷ. ಹಿರಿಯರು ಇವುಗಳಲ್ಲಿ ಯಾವುದನ್ನು ನೆನೆದರೂ ನಿಮಗೆ ಇಸವಿ ಸಿಕ್ಕಂತೆ. ಏನೂ ನೆನಪಿಲ್ಲದಿದ್ದರೆ ಒಂದು ತಲೆಗೆ ಇಪ್ಪತ್ತೈದರಿಂದ ಮೂವತ್ತು ವರ್ಷ ಹಿಡಿದು ಹಿಂದಕ್ಕೆ ಎಣಿಸಬಹುದು. ಅದು ಅಂದಾಜು ಎಂಬುದನ್ನು ಮಾತ್ರ ಮರೆಯಬಾರದು.

ಮನೆಯ ಮಾತಿನ ಮುಂದಿನ ಮೆಟ್ಟಿಲು ಹೆಳವರದು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕಂಬಳಿ ಹೊದ್ದು ಕುಳಿತು, ಗಂಟೆ ಬಾರಿಸುತ್ತ ಮನೆಯಂಗಳಕ್ಕೆ ಬರುವ ಹೆಳವನನ್ನು ವಯಸ್ಸಾದವರು ಕಂಡಿರುತ್ತಾರೆ. ಒಕ್ಕಲು ಮನೆಗಳ ವಂಶಾವಳಿ ಹೇಳುವುದೇ ಅವರ ಕಾಯಕ. ಮೂಲಪುರುಷ, ಮೂಲ ಊರು, ಬೆಡಗು, ಮನೆದೇವರು, ಯಾವ ಕವಲು ಎಲ್ಲಿಗೆ ಹೋಯಿತು ಎಂಬುದನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ದುಡ್ಡು ಪಡೆದು ಹೋಗುತ್ತಾರೆ. ಯಾವ ಮನೆ ಯಾವ ಹೆಳವನ ಪಾಲಿಗೆ ಎಂಬುದು ಅವರಲ್ಲಿ ತಲೆತಲಾಂತರದಿಂದ ಹಂಚಿಹೋಗಿರುತ್ತದೆ. ಹಿಂದೆ ಬಾಯಲ್ಲಿ ಇದ್ದದ್ದು ಈಗ ಪುಸ್ತಕದಲ್ಲಿದೆ. ಕನ್ನಡ ಒಕ್ಕಲು ಎಲ್ಲಿದೆಯೋ ಅಲ್ಲಿಗೆ ರಾಜ್ಯದ ಗಡಿ ನೋಡದೆ ಅವರು ಬಂದಿದ್ದಾರೆ.

ನಿಮ್ಮ ಮನೆಗೆ ಈಗ ಹೆಳವರು ಬರದಿದ್ದರೆ, ನಿಮ್ಮ ದಾಯಾದಿಗಳು ಬಿಜಾಪುರ, ಬೆಳಗಾವಿ, ಕಲಬುರ್ಗಿ ಕಡೆ ಇದ್ದರೆ ಅವರನ್ನು ಕೇಳಿರಿ. ಒಂದೇ ಬೆಡಗಿನ ಮನೆಗಳಿಗೆ ಬಹುಮಟ್ಟಿಗೆ ಒಂದೇ ಹೆಳವರ ಮನೆತನ ಇರುತ್ತದೆ. ಅವರು ಹೇಳುವಾಗ ಎರಡು ವಿಷಯ ಗಮನದಲ್ಲಿರಲಿ. ಅವರ ಸಾಲಿನಲ್ಲಿ ಗಂಡುಸಂತತಿಯೇ ಮುಖ್ಯ, ಹೆಣ್ಣುಮಕ್ಕಳ ಹೆಸರು ನೀವೇ ಕೇಳಿ ಬರೆಸಬೇಕು. ಇನ್ನೊಂದು, ಮೂಲಪುರುಷ ದೊಡ್ಡ ಅರಸನ ಕಾಲದಲ್ಲಿ ದೊಡ್ಡ ಊರಿನಿಂದ ಬಂದ ಎಂಬ ಮಾತನ್ನು ಗೌರವದಿಂದ ಕೇಳಿರಿ, ಆದರೆ ಬೇರೆ ಹಾಳೆಯಲ್ಲಿ ಬರೆಯಿರಿ. ಹತ್ತಿರದ ಐದಾರು ತಲೆಗಳ ಸಾಲು ನಮಗೆ ಬೇಕಾದದ್ದು. ನಮ್ಮ ಕಟ್ಟಿದ ಮನೆಯ ಹೆಳವನ ಪುಸ್ತಕದಲ್ಲಿ ಈರಪ್ಪ, ಅವನ ಮಗ ಮಲ್ಲಪ್ಪ, ಅವನ ಮಗ ಸಿದ್ದಪ್ಪ ಎಂದು ಸಿಕ್ಕಿತು ಅನ್ನೋಣ. ನಮ್ಮ ಊರಿಗೆ ಬಂದವನು ಈರಪ್ಪ, ಇಂಡಿ ಕಡೆಯಿಂದ ಎಂದೂ ಬರೆದಿದೆ.

ಇಷ್ಟಾದ ಮೇಲೆ ತಲಾಠಿಯ ಬಳಿಗೆ ಹೋಗೋಣ.

ಇಂದಿನ ಸಾತಬಾರಾ ಉತಾರಾ ಎಲ್ಲ ರೈತರ ಮನೆಯಲ್ಲಿದೆ. ಊರ ನಮೂನೆ ಏಳು ಹಕ್ಕಿನದು, ಹನ್ನೆರಡು ಬೆಳೆಯದು. ಎರಡೂ ಸೇರಿ ಸಾತಬಾರಾ. ಹೆಸರುಗಳ ಪಕ್ಕದಲ್ಲಿ ಸಣ್ಣ ಅಂಕಿಗಳಿವೆಯಲ್ಲ, ಅವು ಫೇರಫಾರದ ನಂಬರುಗಳು. ಹಕ್ಕು ಒಬ್ಬರಿಂದ ಒಬ್ಬರಿಗೆ ಹೋದಾಗ ಊರ ನಮೂನೆ ಆರರಲ್ಲಿ ಅದರ ನೋಂದಣಿಯಾಗುತ್ತದೆ. ಆ ನಂಬರು ಹಿಡಿದು ಫೇರಫಾರದ ನಕಲು ಕೇಳಿರಿ. ಅದು ಹಿಂದಿನ ಮಾಲಕನ ಹೆಸರು ಹೇಳುತ್ತದೆ. ಅವನ ಹೆಸರಿನ ಎದುರಿನ ನಂಬರು ಹಿಡಿದು ಮತ್ತೆ ಹಿಂದಕ್ಕೆ. ಹೀಗೆ ಏಣಿ ಇಳಿದಂತೆ ಇಳಿಯಬೇಕು. ಹಳೆಯ ಪುಸ್ತಕಗಳು ತಹಸೀಲ ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ, ಕೆಲವು ಜಿಲ್ಲೆಗಳವು ಸ್ಕ್ಯಾನ್ ಆಗಿ ಭೂಮಿ ಅಭಿಲೇಖ ಇಲಾಖೆಯ ಅಂತರ್ಜಾಲ ತಾಣದಲ್ಲೂ ಸಿಗುತ್ತವೆ.

ಮುಂಬಯಿ ಇಲಾಖೆಯಲ್ಲಿ ಹಕ್ಕು ನೋಂದಣಿಯ ಕಾಯದೆ ಬಂದದ್ದು 1903ರಲ್ಲಿ. ಆಮೇಲಿನ ವರ್ಷಗಳಲ್ಲಿ ಊರೂರಿಗೆ ಫೇರಫಾರ ಸುರುವಾಯಿತು. ಆದ್ದರಿಂದ ಈ ಏಣಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಗೆ ಬಂದು ನಿಲ್ಲುತ್ತದೆ. ಆದರೆ ಆ ಮೊದಲ ನೋಂದಣಿಗಳಲ್ಲಿ ಸತ್ತವರೆಂದು ಬರೆದವರೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದವರು. ಅಲ್ಲಿಗೆ ನೀವು ಬಾಗಿಲಿಗೆ ಬಂದಿರಿ.

ನಮ್ಮ ಮನೆಯ ಉದಾಹರಣೆಗೆ ಬರೋಣ. 1912ರ ಒಂದು ಫೇರಫಾರದಲ್ಲಿ, ಸಿದ್ದಪ್ಪಾ ಬಿನ್ ಮಲ್ಲಪ್ಪಾ ಮಯತ, ವಾರಸ ಮಗ ಮಲ್ಲಪ್ಪಾ, ಅ.ಪಾ.ಕ. ತಾಯಿ ಗಂಗವ್ವಾ ಎಂದಿದೆ ಎಂದುಕೊಳ್ಳಿರಿ. ಬಿನ್ ಎಂದರೆ ಇಂಥವರ ಮಗ. ಕೋಂ ಎಂದು ಬಂದರೆ ಇಂಥವರ ಹೆಂಡತಿ. ಮರಾಠಿಯಲ್ಲಿ ಭ್ರತಾರ ಎಂದೂ ಬರೆಯುತ್ತಿದ್ದರು. ಮಯತ ಎಂದರೆ ತೀರಿಕೊಂಡವನು. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತಾ, ಅಂದರೆ ವಾರಸ ಇನ್ನೂ ಪ್ರಾಯಕ್ಕೆ ಬಂದಿಲ್ಲ, ಅವನ ಪರವಾಗಿ ನೋಡಿಕೊಳ್ಳುವವರು ಇವರು. ಎ.ಕು.ಮ್ಯಾ. ಎಂದು ಕಂಡರೆ ಏಕತ್ರ ಕುಟುಂಬದ ಮ್ಯಾನೇಜರ; ಅಂಥ ಕಡೆ ಒಬ್ಬನ ಹೆಸರಿದ್ದರೂ ಹಿಂದೆ ತಮ್ಮಂದಿರಿದ್ದಾರೆ ಎಂದು ತಿಳಿಯಬೇಕು.

ಈಗ ಹೊಂದಿಸಿರಿ. 1912ರಲ್ಲಿ ಮಲ್ಲಪ್ಪ ಹದಿನೆಂಟರ ಒಳಗಿನವನು, ಅಂದರೆ 1894ರ ಈಚೆ ಹುಟ್ಟಿದವನು. ಅವನ ತಂದೆ 1875ರ ಸುಮಾರಿನವನು ಎಂಬ ಮುದುಕಿಯ ಮಾತು ಇದಕ್ಕೆ ಸರಿಯಾಗಿ ಕೂಡುತ್ತದೆ. ಗಂಗವ್ವ ಹೊಲ ಮಾಡಿಸಿದಳು ಎಂಬುದನ್ನು ಕಾಗದವೇ ಹೇಳುತ್ತದೆ. ಹಳೆಯ ಕಾಗದಗಳಲ್ಲಿ ಹೆಂಗಸು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಹೀಗೆಯೇ, ಗಂಡ ತೀರಿಕೊಂಡ ಮೇಲೆ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಮೋಜಣಿಯ ಕಾಗದ ಬೇಕು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಸೊಲ್ಲಾಪುರ ಕಂಪನಿ ಸರಕಾರದ ಕೈಗೆ ಬಂತು. 1830ರ ದಶಕದಲ್ಲಿ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಬಗೆಯ ಮೋಜಣಿ ಸುರುಮಾಡಿದರು. ಒಂದೊಂದು ಹೊಲಕ್ಕೆ ಸರ್ವೆ ನಂಬರು, ಮಣ್ಣಿನ ತರಗತಿ ನೋಡಿ ಆಕಾರ, ಮೂವತ್ತು ವರ್ಷ ಅದನ್ನು ಏರಿಸದ ಕರಾರು. 1840ರ ಆಸುಪಾಸಿನಿಂದ ಅದು ಸೊಲ್ಲಾಪುರ ಸೀಮೆಗೂ ಬಂತು. ಮೂವತ್ತು ವರ್ಷ ತುಂಬಿದ ಮೇಲೆ, 1870ರ ದಶಕದಲ್ಲಿ, ಮರುಮೋಜಣಿ ನಡೆಯಿತು. ಆ ಕಾಲದ ಶೇತವಾರ ಪತ್ರಕ ಊರಿಗೆ ಉಳಿದಿದ್ದರೆ ಸರ್ವೆ ನಂಬರಿನ ಎದುರಿಗೆ ಖಾತೆದಾರನ ಹೆಸರು ಸಿಗುತ್ತದೆ.

ಆದರೆ ಒಂದು ತೊಡಕಿದೆ. ಅಂಥ ಪತ್ರಕದಲ್ಲಿ ಮಲ್ಲಪ್ಪ ಎಂಬ ಖಾತೆದಾರರು ಮೂವರು ಸಿಕ್ಕರೆ ನಿಮ್ಮವನು ಯಾರು? ಇಲ್ಲಿ ಮುದುಕಿ ಹೇಳಿದ ಹೊಲದ ಹೆಸರು ಕೆಲಸಕ್ಕೆ ಬರುತ್ತದೆ. ಗುಡಿ ಹೊಲ ಯಾವುದೆಂದು ಊರಿಗೆಲ್ಲ ಗೊತ್ತು. ಅದರ ಇಂದಿನ ಗಟ್ ನಂಬರು ನಿಮ್ಮ ಸಾತಬಾರಾದಲ್ಲಿದೆ. ಊರಲ್ಲಿ ಹೊಲಗಳ ಏಕತ್ರೀಕರಣವಾಗಿದ್ದರೆ ಗಟ್ ನಂಬರಿಗೂ ಹಳೆಯ ಸರ್ವೆ ನಂಬರಿಗೂ ಜೋಡಣೆ ತೋರಿಸುವ ಪತ್ರಕ ಮೋಜಣಿ ಕಚೇರಿಯಲ್ಲಿರುತ್ತದೆ. ಹಳೆಯ ಸರ್ವೆ ನಂಬರಿನ ಎದುರಿಗೆ ಮಲ್ಲಪ್ಪಾ ಬಿನ್ ಈರಪ್ಪಾ ಎಂದಿದ್ದರೆ ಹೆಳವನ ಪುಸ್ತಕಕ್ಕೂ ಸರಕಾರದ ಪತ್ರಕಕ್ಕೂ ಗಂಟು ಬಿತ್ತು. ಮಲ್ಲಪ್ಪ 1850ರ ಸುಮಾರಿನವನು, ಈರಪ್ಪ 1825ರ ಸುಮಾರಿನವನು ಎಂದು ಅಂದಾಜು ಬರೆಯಬಹುದು. ಮುತ್ಯಾನ ಮುತ್ಯಾ ಸಿಕ್ಕಿದ, ಅವನ ಅಪ್ಪನೂ ಸಿಕ್ಕಿದ, ಅವನ ಮುತ್ಯಾನೂ ಸಿಕ್ಕಿದ.

ಗಡಿನಾಡಿನ ನಮಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಕನ್ನಡ, ಕಾಗದದಲ್ಲಿ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ತಲೆಗೆರೆ ಎಳೆದು, ಕೈ ಎತ್ತದೆ ಸರಸರನೆ ಬರೆಯುವ ಆ ಲಿಪಿಯಲ್ಲಿ ಹ್ರಸ್ವ ದೀರ್ಘದ ಭೇದವೂ ಸರಿಯಾಗಿ ಉಳಿಯುವುದಿಲ್ಲ. ಕನ್ನಡದ ಈರಪ್ಪ ಇರಾಪ್ಪಾ ಆಗಿರಬಹುದು, ವೀರಾಪಾ ಆಗಿರಬಹುದು. ಸಿದ್ರಾಮಪ್ಪ ಬರೀ ಸಿದರಾಮ ಆಗುತ್ತಾನೆ. ಅಡ್ಡಹೆಸರು ಒಂದು ಕಾಗದದಲ್ಲಿ ಊರಿನದು, ಇನ್ನೊಂದರಲ್ಲಿ ಕಸುಬಿನದು, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಮೋಡಿ ಓದಬಲ್ಲವನಿಗೆ ಕನ್ನಡ ಬಾರದಿದ್ದರೆ ಅವನು ತನಗೆ ತಿಳಿದ ಮರಾಠಿ ಹೆಸರನ್ನೇ ಅಲ್ಲಿ ಓದಿಬಿಡುವ ಸಂಭವವಿದೆ. ಆದ್ದರಿಂದ ಮೋಡಿ ಜಾಣರ ಬಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿರಿ. ಮನೆಯವರ ಹೆಸರು, ಹೊಲದ ಹೆಸರು, ತವರೂರುಗಳ ಹೆಸರು ಕನ್ನಡದಲ್ಲಿ ಹೇಗೆ ಅನ್ನುತ್ತಾರೋ ಹಾಗೆಯೇ ಬರೆದ ಪಟ್ಟಿ ಜೊತೆಗಿರಲಿ. ಬಾಯಲ್ಲಿ ಉಳಿದ ಕನ್ನಡದ ಹೆಸರೇ ಆ ಕಾಗದವನ್ನು ತೆರೆಯುವ ಬೀಗದ ಕೈ.

2023ರಲ್ಲಿ ಮಹಾರಾಷ್ಟ್ರ ಸರಕಾರ ಕುಣಬಿ ನೋಂದಣಿಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿ ನೇಮಿಸಿದಾಗ ಊರೂರಿನ ಹಳೆಯ ದಫ್ತರಗಳು ಹೊರಬಂದವು. ಮೋಡಿ, ಉರ್ದು ಓದುವವರನ್ನು ಹುಡುಕಿ ಕರೆತರಬೇಕಾಯಿತು. ಇಂಥ ಹುಡುಕಾಟದಲ್ಲಿ ತೆರೆದ ಪುಸ್ತಕಗಳು ಒಂದು ಸಮಾಜದವಲ್ಲ, ಇಡೀ ಊರಿನವು. ನಿಮ್ಮ ತಾಲೂಕಿನಲ್ಲಿ ಏನೇನು ಸಿಕ್ಕಿದೆ ಎಂದು ವಿಚಾರಿಸಿರಿ.

ಕಾಗದದಲ್ಲಿ ವರ್ಷ ಬರೆದ ಬಗೆಯನ್ನೂ ತಿಳಿದಿರಬೇಕು. ಶಕೆ ಎಂದಿದ್ದರೆ 78 ಕೂಡಿಸಿರಿ: ಶಕೆ 1798 ಎಂದರೆ 1876. ಫಸಲಿ ಎಂದಿದ್ದರೆ 590 ಕೂಡಿಸಿರಿ: ಫಸಲಿ 1286 ಎಂದರೂ ಅದೇ 1876. ವರ್ಷದ ಕೊನೆಯ ತಿಂಗಳುಗಳಾದರೆ ಇನ್ನೊಂದು ಕೂಡಿಸಬೇಕು.

ಇನ್ನು ಯಾವ ಕಚೇರಿ ಎಂಬ ಪ್ರಶ್ನೆ. ನಮ್ಮ ಸೀಮೆ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೇ ಸರಕಾರದ ಕೆಳಗಿರಲಿಲ್ಲ. ಸೊಲ್ಲಾಪುರ ಬ್ರಿಟಿಷರದು. ಅಕ್ಕಲಕೋಟ ಭೋಸಲೆಯವರ ಸಂಸ್ಥಾನ, ಜತ್ತ ಡಫಳೆಯವರ ಸಂಸ್ಥಾನ. ಎರಡೂ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಆಳಂದ, ಅಫಜಲಪುರ ನಿಜಾಮರವು. ಅಲ್ಲಿನ ಸರಕಾರಿ ಭಾಷೆ 1884ರವರೆಗೆ ಫಾರಸಿ, ಆಮೇಲೆ ಉರ್ದು. ಇಂಡಿ ಒಂದು ಕಾಲಕ್ಕೆ ಸೊಲ್ಲಾಪುರದ ಕಲೆಕ್ಟರರ ಕೈಕೆಳಗಿತ್ತು, 1864ರಿಂದ ಕಲಾದಗಿ ಜಿಲ್ಲೆಗೆ ಹೋಯಿತು. ಜಿಲ್ಲೆಯ ಕಚೇರಿ 1885ರಲ್ಲಿ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಆದ್ದರಿಂದ ಹತ್ತು ಹರದಾರಿಯೊಳಗೆ ಹಂಚಿಹೋದ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಮೂರು ಲಿಪಿಗಳಲ್ಲಿ ದಾಖಲಾಗಿರಬಹುದು: ಇಲ್ಲಿ ಮೋಡಿ, ಇಂಡಿಯಲ್ಲಿ ಕನ್ನಡ, ಆಳಂದದಲ್ಲಿ ಉರ್ದು. ನಮ್ಮ ಈರಪ್ಪನ ತಮ್ಮನ ಮನೆ ಇಂಡಿಯ ಕಡೆ ಉಳಿದಿದ್ದರೆ ಅವರ ಕನ್ನಡ ಕಾಗದದಿಂದ ನಮ್ಮ ಮೋಡಿ ಕಾಗದದ ಹೆಸರನ್ನು ತಿದ್ದಿಕೊಳ್ಳಬಹುದು.

ಹೊಲ ಸ್ವಂತದ್ದಲ್ಲದವರು ಏನು ಮಾಡಬೇಕು ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಹಳೆಯ ಪತ್ರಕಗಳು ಖಾತೆದಾರನನ್ನು ಕಂಡಷ್ಟು ದುಡಿಯುವವನನ್ನು ಕಾಣಲಿಲ್ಲ. ಆದರೂ ದಾರಿಗಳಿವೆ. ಪಾಟೀಲಕಿ, ಕುಲಕರ್ಣಿಕಿಯ ವತನಗಳಂತೆ ಊರ ಚಾಕರಿಯ ವತನಗಳೂ ಇದ್ದವು. 1874ರ ವತನ ಕಾಯದೆಯ ಮೇಲೆ ವಾರಸರ ನೋಂದಣಿ ನಡೆಯಿತು. ಊರ ಕಾವಲು, ಓಲೆಕಾರಿಕೆ ಮಾಡಿದ ಮನೆತನಗಳ ಹೆಸರು ಅಲ್ಲಿ ಸಿಗಬಹುದು. ಕೋರಿನಿಂದ, ಲಾವಣಿಯಿಂದ ಹೊಲ ಮಾಡಿದವರ ಹೆಸರನ್ನು 1948ರ ಕುಳಕಾಯದೆಯ ಕುಳ ನೋಂದಣಿಯಲ್ಲಿ ನೋಡಿ, ಅಲ್ಲಿಂದ ಹಿಂದಕ್ಕೆ ಹೋಗಬೇಕು.

ಸಾಲದ ಕಾಗದವೂ ಒಂದು ದಾರಿ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಬೆನ್ನಿಗೆ 1879ರಲ್ಲಿ ರೈತರ ಸಾಲಪರಿಹಾರದ ಕಾಯದೆ ಬಂತು. ಪುಣೆ, ಅಹಮದನಗರ, ಸಾತಾರಾಗಳ ಜೊತೆಗೆ ಸೊಲ್ಲಾಪುರಕ್ಕೂ ಅದು ಹತ್ತಿತು. ಓದು ಬರಹ ಬಾರದ ರೈತ ಬರೆದುಕೊಡುವ ಪತ್ರವನ್ನು ಹಳ್ಳಿಯ ರಜಿಸ್ಟ್ರಾರನ ಎದುರಿಗೆ ಓದಿ ಹೇಳಿ ನೋಂದಿಸಬೇಕೆಂದು ಆ ಕಾಯದೆ ಹೇಳಿತು. ಅಂಥ ಪತ್ರದ ಪ್ರತಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಇದೆ. ಸಾಲದ ಕಾಗದ ಎಂದು ನಾಚಿಕೊಂಡು ಹರಿಯಬೇಡಿರಿ. ಅದರಲ್ಲಿ ಮುತ್ಯಾನ ತಂದೆಯ ಹೆಸರು, ಹೊಲದ ಚಕಬಂದಿ, ಸಾಕ್ಷಿ ಹಾಕಿದ ನೆಂಟರ ಹೆಸರು ಇರುತ್ತವೆ.

ಊರ ನಮೂನೆ ಹದಿನಾಲ್ಕು ಜನನ ಮರಣದ್ದು, ಕೋತವಾಲ ಬುಕ್ಕು ಎಂದೂ ಅನ್ನುತ್ತಾರೆ. ಕೂಸಿನ ಹೆಸರು ಅನೇಕ ಕಡೆ ಇರುವುದಿಲ್ಲ. ತಂದೆಯ ಹೆಸರು, ಜಾತಿ, ಗಂಡೋ ಹೆಣ್ಣೋ ಎಂಬುದು ಇರುತ್ತದೆ. ಸಾಲೆಯ ಪ್ರವೇಶ ನಿರ್ಗಮದ ಪುಸ್ತಕದಲ್ಲಿ ಹುಟ್ಟಿದ ಊರು ಸಿಗುತ್ತದೆ. ಪಂಢರಪುರ, ನಾಸಿಕ, ತ್ರ್ಯಂಬಕಗಳ ಕ್ಷೇತ್ರೋಪಾಧ್ಯರ ಹತ್ತಿರ ಊರುವಾರು ಯಾತ್ರಿಕರ ಹೆಸರು ಬರೆದ ಪುಸ್ತಕಗಳಿವೆ. ನಿಮ್ಮ ಹಿರಿಯರು ಅಲ್ಲಿಗೆ ಹೋಗುತ್ತಿದ್ದರೆ ಊರಿನ ಹೆಸರು ಹೇಳಿ ಕೇಳಿರಿ. ಒಂದು ಕಡೆ ಮಾತ್ರ ಸಮಯ ಕಳೆಯಬೇಡಿರಿ: 1872, 1881ರ ಜನಗಣತಿಯಲ್ಲಿ ಮನೆಮನೆಯ ಹೆಸರು ಬರೆದ ಹಾಳೆಗಳನ್ನು ಉಳಿಸಲಿಲ್ಲ, ಒಟ್ಟು ಅಂಕಿಗಳು ಮಾತ್ರ ಅಚ್ಚಾದವು. ಮನೆವಾರು ಹೆಸರು ಬೇಕಾದರೆ 1951ರ ನಾಗರಿಕರ ರಾಷ್ಟ್ರೀಯ ರಜಿಸ್ಟರು ನಿಮ್ಮ ತಹಸೀಲಿನಲ್ಲಿ ಉಳಿದಿದೆಯೇ ಎಂದು ಕೇಳಿರಿ.

ಕೊನೆಯದಾಗಿ ಬರೆದಿಡುವ ಕ್ರಮ. ಒಂದು ಹೆಸರಿಗೆ ಒಂದು ಹಾಳೆ ಇರಲಿ. ಯಾರು ಹೇಳಿದರು, ಯಾವ ದಿನ ಹೇಳಿದರು, ಯಾವ ಕಾಗದದ ಯಾವ ನಂಬರಿನಲ್ಲಿ ಸಿಕ್ಕಿತು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಬಾಯಿಮಾತು, ಹೆಳವರ ಪುಸ್ತಕ, ಸರಕಾರದ ಕಾಗದ ಈ ಮೂರರಲ್ಲಿ ಎರಡು ಒಪ್ಪಿದರೆ ಶಾಯಿಯಲ್ಲಿ ಬರೆಯಿರಿ. ಒಂದೇ ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಕಾಗದ ಸರಕಾರದ್ದು ಎಂದು ಕಣ್ಣು ಮುಚ್ಚಿ ನಂಬಬಾರದು, ಬರೆಯುವವನಿಗೆ ನಮ್ಮ ಮಾತು ತಿಳಿದಿರಲಿಕ್ಕಿಲ್ಲ. ಹಿರಿಯರ ಮಾತು ಎಂದು ಹಾಗೆಯೇ ನಂಬಬಾರದು, ಎರಡು ತಲೆಯ ಸಿದ್ದಪ್ಪಂದಿರು ನೆನಪಿನಲ್ಲಿ ಒಬ್ಬನೇ ಆಗಿರಬಹುದು. ಪ್ರತಿ ಗಂಡಸಿನ ಹೆಸರಿನ ಪಕ್ಕದಲ್ಲಿ ಅವನ ಹೆಂಡತಿಯ ಹೆಸರು, ಆಕೆಯ ತವರು, ಅಕ್ಕತಂಗಿಯರ ಹೆಸರು, ಅವರು ಸೇರಿದ ಮನೆ, ಇವನ್ನು ಬಿಡದೆ ಬರೆಯಿರಿ. ಬರೆಯುವುದು ಕನ್ನಡದಲ್ಲಿರಲಿ, ಕಚೇರಿಗೆ ಬೇಕಾದಾಗ ಪಕ್ಕದಲ್ಲಿ ಮರಾಠಿಯಲ್ಲಿಯೂ ಬರೆದರಾಯಿತು. ಮಕ್ಕಳು ಮರಾಠಿ, ಇಂಗ್ಲಿಷ್ ಸಾಲೆಗೆ ಹೋಗುವ ಮನೆಗಳಲ್ಲಿ ಈರಪ್ಪ ಎಂಬ ಉಚ್ಚಾರ ಈ ಒಂದು ಹಾಳೆಯಲ್ಲಿ ಮಾತ್ರ ಉಳಿಯಬಹುದು.

ಕೇಳುಗರೇ, ನಮ್ಮ ಕಟ್ಟಿದ ಮನೆಯ ಸಿದ್ದಪ್ಪನಿಗೆ ಫೇರಫಾರ, ಶೇತವಾರ ಪತ್ರಕ ಎಲ್ಲವೂ ಮುಂದಿನ ವರ್ಷವೂ ಸಿಕ್ಕಾವು. ಬೆನ್ನಿಗೆ ಕೂಸು ಕಟ್ಟಿಕೊಂಡು ಕಲ್ಲು ಒಡೆಯಲು ಹೋದ ಆ ತಾಯಿ ಯಾವ ಪತ್ರಕದಲ್ಲೂ ಇಲ್ಲ. ಆಕೆಯ ಹೆಸರನ್ನು ಕೇಳಬೇಕಾದರೆ ತೊಂಬತ್ತರ ಮುದುಕಿಯೊಬ್ಬಳೇ ಉಳಿದಿದ್ದಾಳೆ. ನಿಮ್ಮ ಮನೆಯಲ್ಲಿಯೂ ಅಂಥ ಹಿರಿಯರಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಅವರ ಹತ್ತಿರ ಕೂಡಿರಿ. ಒಂದು ಹಾಳೆ, ಒಂದು ಪೆನ್ಸಿಲು ಸಾಕು.